ಎರಡು ಗೆರೆಗಳ ನಡುವಿನ ಗುಡ್ಡ

"ಕೈ ತೆಗೀರಿ!"

ಇಡೆಲ್ಲಾ ಸ್ಟಿಡಮ್ ಅಷ್ಟು ಜೋರಾಗಿ ಹೇಳಬೇಕೆಂದುಕೊಂಡಿರಲಿಲ್ಲ. ಆದರೆ ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಅವಳು ಮೊದಲನೇ ನೋಂದಣಿ ಪುಸ್ತಕಕ್ಕೆ ಕೈ ಹಾಕಿದ ಕ್ಷಣವೇ ಇನ್ನೊಂದು ಕೈಯೂ ಅದರ ಮೇಲೆ ಬಿದ್ದಿತ್ತು. ಬಿಸಿಲಿಗೆ ಕಂದಿದ, ಮುಳ್ಳು ಗೀರಿದ ಗಂಡಸಿನ ಕೈ.

"ಮೊದಲು ಮುಟ್ಟಿದ್ದು ನಾನು ಅನ್ಸುತ್ತೆ, ಮೇಡಂ."

"ಇರಬಹುದು. ಆದರೆ ಶುಕ್ರವಾರದೊಳಗೆ ನಂಗೆ ಇದರಲ್ಲಿ ಸ್ಟಿಡಮ್ ಅನ್ನೋ ಒಂದು ಹೆಸರು ಸಿಗಲೇಬೇಕು."

ಆತ ಅವಳನ್ನೇ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಏನೋ ಗಾಬರಿ...

"ಪುಸ್ತಕ ಒಂದೇ, ಕಣ್ಣು ನಾಲ್ಕಿವೆ," ಎಂದು ಕುರ್ಚಿ ಎಳೆದ. "ಕೂತ್ಕೊಳ್ಳಿ."

ಹೆಸರು ಕೇಳಿದಾಗ "ಥೆರನ್" ಎಂದಷ್ಟೇ ಹೇಳಿದ. ಭೂಮಿ ಅಳೆಯುವ ಸರ್ವೇಯರ್. ಅಡ್ಡಹೆಸರು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಅದು 1974ರ ಮಾರ್ಚ್ ತಿಂಗಳು, ಸೋಮವಾರ. ಟೆನೆಸ್ಸಿಯ ಉತ್ತರದ ಅಂಚಿನ ಬೆಟ್ಟಗಳಲ್ಲಿ ರೆಡ್‌ಬಡ್ ಹೂವು ಆಗಷ್ಟೇ ಬಿಡುತ್ತಿತ್ತು. ಅದನ್ನು ನೋಡುವ ಮನಸ್ಸು ಇಡೆಲ್ಲಾಳಿಗಿರಲಿಲ್ಲ.

ಅವಳನ್ನು ಸಾಕಿದ ಅಜ್ಜಿ ಜೆಲ್ಫಾಗೆ ಎಂಬತ್ತಾರು. ಹೃದಯ ಸೋಲುತ್ತಿತ್ತು. ಅಜ್ಜಿಯ ಗಂಡ, ಮೂರು ತಿಂಗಳಿಗೇ ಹೋದ ಮಗಳು, ಇಬ್ಬರೂ ಸ್ಟಿಡಮ್ ಗುಡ್ಡದ ಮೇಲೆ ಮಣ್ಣಾಗಿದ್ದರು. ಕಾಗದದಲ್ಲಿ ಆ ಗುಡ್ಡ ತಲೆಮಾರುಗಳಿಂದ ಕೆಸ್ಟರ್ಸನ್ ಮನೆತನದ್ದು. ಆದರೂ ಇಷ್ಟು ವರ್ಷ ಯಾರೂ ತಡೆದಿರಲಿಲ್ಲ. ಈ ಚಳಿಗಾಲದಲ್ಲಿ ಹೈರಮ್ ಕೆಸ್ಟರ್ಸನ್ ಅಲ್ಲಿ ಕಲ್ಲುಗಣಿ ಮಾಡಲು ಹೊರಟು ಗೇಟಿಗೆ ಬೀಗ ಜಡಿದುಬಿಟ್ಟಿದ್ದ!

"ನನ್ನ ಮಗು ಪಕ್ಕ ಮಲಗಬೇಕು ಕಣೇ, ಅಷ್ಟೇ," ಎಂದಿದ್ದಳು ಅಜ್ಜಿ.

ವಕೀಲ ಪ್ಯಾರಿಷ್ ಮುಖಕ್ಕೆ ಹೊಡೆದಂತೆ ಹೇಳಿದ್ದರು. "ಬಾಯಿಮಾತು ನಡೆಯಲ್ಲಮ್ಮ. ಮಶಾನದ ಜಾಗ ನಿಮ್ಮವರು ಉಳಿಸ್ಕೊಂಡಿದ್ರು ಅನ್ನೋಕೆ ಪತ್ರ ಬೇಕು. ಶುಕ್ರವಾರ ವಿಚಾರಣೆ."

ಗುಡ್ಡದ ಕಾಡು ಕಡಿದು ಮೊದಲ ಗುಡಿಸಲು ಕಟ್ಟಿದವನು ಅಬ್ಸಲಮ್ ಸ್ಟಿಡಮ್. ಬೆಟ್ಟ ದಾಟಿ ಬಂದದ್ದು 1786ರಲ್ಲಿ. ಆದರೆ ಪುಸ್ತಕದಲ್ಲಿ ಅವನ ಹೆಸರಿನ ಒಂದು ಪತ್ರವೂ ಇರಲಿಲ್ಲ.

"ಇಲ್ಲವೇ ಇಲ್ಲ..." ಮಂಗಳವಾರ ಮಧ್ಯಾಹ್ನ ಅವಳು ಪುಸ್ತಕ ಮುಚ್ಚಿದಳು.

"ಅವನ ಪತ್ರ ಬಿಡಿ. ಅಕ್ಕಪಕ್ಕದವರದ್ದು ಓದಿ," ಎಂದ ಥೆರನ್.

ಆ ಹಳೆಯ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಎಂದರೆ ಮರ, ಬಂಡೆ, ತೊರೆ. 'ತೊರೆಯ ದಡದ ಎರಡು ಸಿಕಮೋರ್ ಮರಗಳಿಂದ ಉತ್ತರಕ್ಕೆ ಅರವತ್ತು ಕೋಲು, ಬಿಳಿ ಓಕ್ ಮರದವರೆಗೆ...' ಅವಳು ಓದಿದಳು, ಅವನು ಟ್ರೇಸಿಂಗ್ ಹಾಳೆಯ ಮೇಲೆ ಗೆರೆ ಎಳೆದ.

"ಆ ಮರಗಳೆಲ್ಲ ಎಂದೋ ಸತ್ತಿರಬೇಕಲ್ಲ?"

"ಮರ ಸಾಯುತ್ತೆ. ಮೂಲೆ ಸಾಯಲ್ಲ."

ಒಂದೊಂದೇ ಜಮೀನು ಹಾಳೆಯ ಮೇಲೆ ಜೋಡಿಸಿಕೊಂಡಿತು. ಸಂಜೆಯ ಹೊತ್ತಿಗೆ ನಡುವೆ ಒಂದು ಖಾಲಿ ಜಾಗ ಉಳಿಯಿತು. ಥೆರನ್ ಅದರ ಮೇಲೆ ಪೆನ್ಸಿಲ್ ಇಟ್ಟ.

"ನೋಡಿ! ನಾಲ್ಕೂ ಕಡೆಯವರು 'ಸ್ಟಿಡಮ್ ಗೆರೆಯ ಗುಂಟ' ಅಂತ ಬರೆಸಿದಾರೆ. ನಿಮ್ಮ ಅಬ್ಸಲಮ್ ಇಲ್ಲೇ ಇದ್ದ."

ಇಡೆಲ್ಲಾಳ ಕಣ್ಣು ತುಂಬಿತು. ಯಾರೂ ನಂಬದ ಮಾತನ್ನು ಇವನೊಬ್ಬ ಗೆರೆಯಾಗಿ ಎಳೆದು ತೋರಿಸಿದ್ದ. 'ಯಾರಿವನು? ಯಾಕೆ ಇಷ್ಟು ಹಚ್ಚಿಕೊಂಡಿದ್ದಾನೆ? ಇವನು ಎದುರಿಗಿದ್ದರೆ ಭಯವೇ ಆಗುವುದಿಲ್ಲವಲ್ಲ...'

ಉತ್ತರ ಬುಧವಾರ ಬೆಳಿಗ್ಗೆ ಸಿಕ್ಕಿತು.

ಪ್ಯಾರಿಷ್ ಎದುರಾಳಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಗಣಿಯ ಗಡಿ ಸಮಾಧಿಗಳ ಮೇಲೇ ಹಾದುಹೋಗಿತ್ತು. ಮೂಲೆಯಲ್ಲಿ ಸಹಿ. ಥೆರನ್ ಕೆಸ್ಟರ್ಸನ್, ಸರ್ವೇಯರ್.

"ಹೈರಮ್ ಅಣ್ಣನ ಮಗ ಇವನು. ಪರಿಚಯಾನಾ?"

ಅವಳು ತಟ್ಟನೆ ಎದ್ದಳು.

ದಾಖಲೆ ಕೋಣೆಗೆ ಓಡಿ ಬಂದಾಗ ಅವನು ಪುಸ್ತಕದ ಮೇಲೆ ಬಗ್ಗಿದ್ದ. ಅವಳನ್ನು ಕಂಡು ಮುಖವರಳಿತು.

"ಬನ್ನಿ, ಬನ್ನಿ! ಇಲ್ಲೊಂದು ವಿಚಿತ್ರ ಇದೆ..."

"ಮಿಸ್ಟರ್ ಕೆಸ್ಟರ್ಸನ್."

ಅವನ ನಗು ಅಲ್ಲೇ ಸತ್ತಿತು.

"ಎರಡು ದಿನ! ಎರಡು ದಿನ ನನ್ನ ಪಕ್ಕ ಕೂತು, ನಮ್ಮ ಹತ್ರ ಏನಿದೆ ಏನಿಲ್ಲ ಅಂತ ತಿಳ್ಕೊಂಡ್ರಿ. ಚಿಕ್ಕಪ್ಪಂಗೆ ವರದಿ ಒಪ್ಸಿದ್ರಾ?"

"ಇಡೆಲ್ಲಾ, ಕೇಳಿ. ಆ ನಕ್ಷೆ ಜನವರೀಲಿ ಮಾಡಿದ್ದು. ಚಿಕ್ಕಪ್ಪ ಕೊಟ್ಟ ಕಾಗದ ನಂಬಿದೆ. ಹಿಮ ಕರಗಿದ ಮೇಲೆ ಹೋಗಿ ನೋಡಿದ್ರೆ ಸಣ್ಣ ಸಣ್ಣ ಸಮಾಧಿ ಕಲ್ಲುಗಳು... ಅದಕ್ಕೇ ಇಲ್ಲಿಗೆ ಬಂದೆ. ಹೆಸರು ಹೇಳಿದ್ರೆ ನೀವು ಎದ್ದು ಹೋಗ್ತೀರಿ ಅಂತ ಹೆದರಿದೆ."

"ಹೇಳದೇ ಇದ್ದದ್ದಕ್ಕೇ ಈಗ ಹೋಗ್ತಿದೀನಿ!"

"ಅಬ್ಸಲಮ್ ಜಾಗ ಬದಲಿಸ್ಲಿಲ್ಲ, ಗಡಿ..."

"ಸಾಕು! ನಮ್ಮ ಹಿರಿಯರ ಹೆಸರು ನಿಮ್ಮ ಬಾಯಲ್ಲಿ ಬೇಡ."

ಬಾಗಿಲು ಬಡಿದು ಹೊರಟಳು. ಹೊರಗೆ ಬಂದು ಅತ್ತಳು. ಗುಡ್ಡಕ್ಕಾಗಿ ಅತ್ತಳೋ, ಅವನಿಗಾಗಿ ಅತ್ತಳೋ... ಅವಳಿಗೇ ತಿಳಿಯಲಿಲ್ಲ.

ಗುರುವಾರ ಮರಳಿ ಬಂದಾಗ ಮೇಜು ಖಾಲಿ. ಟ್ರೇಸಿಂಗ್ ಹಾಳೆ ಇರಲಿಲ್ಲ!

"ಆ ಕೆಸ್ಟರ್ಸನ್ ಹಾಳೇನ ನಿನ್ನೆಯೇ ಸುತ್ಕೊಂಡು ಹೋದ್ನಲ್ಲ," ಎಂದಳು ಗುಮಾಸ್ತೆ ಬರ್ಡಿ. "ಕಾರು ಎಬ್ಬಿಸಿದ ಧೂಳು ಇನ್ನೂ ಇಳಿದಿಲ್ಲ."

ಇದ್ದ ಒಂದೇ ಸಾಕ್ಷಿಯನ್ನೂ ಕದ್ದೊಯ್ದನೇ?

ಪ್ಯಾರಿಷ್ ಮುಂದೆ ಕೂತು ದೂರು ಬರೆಸಿದಳು. ಸರ್ವೇಯರ್ ಥೆರನ್ ಕೆಸ್ಟರ್ಸನ್ ಸಾಕ್ಷ್ಯ ಕದ್ದಿದ್ದಾನೆ ಎಂದು.

"ಇದು ಓದಿದ್ರೆ ಅವನ ಲೈಸೆನ್ಸ್ ಹೋಗುತ್ತೆ. ಮುಂದೆ ಯಾರೂ ಅವನ ಕೈಗೆ ಅಳತೆ ಸರಪಳಿ ಕೊಡಲ್ಲ. ಯೋಚನೆ ಮಾಡಿದೀಯಾ?"

ಅವಳು ದೂರನ್ನು ಇನ್ನೊಮ್ಮೆ ಓದಿದಳು. ಆದರೂ ಸಹಿ ಹಾಕಿದಳು.

ಶುಕ್ರವಾರ ಹತ್ತು ಗಂಟೆ. ಅಜ್ಜಿ ಹಟ ಹಿಡಿದು ಬಂದು, ಕಪ್ಪು ಟೋಪಿ ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂತಿದ್ದಳು. ಆಚೆ ಬದಿ ಹೈರಮ್ ಕೆಸ್ಟರ್ಸನ್ ಮೀಸೆಯಲ್ಲೇ ನಗುತ್ತಿದ್ದ.

"ಮಿಸ್ಟರ್ ಪ್ಯಾರಿಷ್, ನಿಮ್ಮ ಹತ್ತಿರ ಪತ್ರ ಇದೆಯೋ ಇಲ್ಲವೋ?" ನ್ಯಾಯಾಧೀಶರು ಕೇಳಿದರು.

"ಪತ್ರ ಇಲ್ಲ, ಸ್ವಾಮಿ. ಒಂದು ದೂರಿದೆ..." ಪ್ಯಾರಿಷ್ ಕಾಗದ ಬಿಡಿಸಿದರು.

ಆಗ ಹಿಂದಿನ ಬಾಗಿಲು ತೆರೆಯಿತು.

ಥೆರನ್! ಎರಡು ದಿನದ ಗಡ್ಡ, ಮೊಣಕಾಲವರೆಗೆ ಕೆಸರು. ಒಂದು ಕೈಯಲ್ಲಿ ಟ್ರೇಸಿಂಗ್ ಹಾಳೆಯ ಸುರುಳಿ, ಇನ್ನೊಂದರಲ್ಲಿ ಕೆಂಪು ಮೊಹರಿನ ಲಕೋಟೆ.

"ಸ್ವಾಮಿ, ಆ ನಕ್ಷೆಗೆ ಸಹಿ ಹಾಕಿದವನು ನಾನೇ. ಅದು ತಪ್ಪು. ವಾಪಸ್ ತಗೋತೀನಿ."

ಹೈರಮ್ ಎದ್ದು ನಿಂತ. "ಥೆರನ್! ಇನ್ನೊಂದು ಮಾತಾಡಿದ್ರೆ ನನ್ನ ಮನೆ ಬಾಗಿಲು ಮರೆತುಬಿಡು!"

"ಮರೆತೆ, ಚಿಕ್ಕಪ್ಪ," ಎಂದ ಥೆರನ್ ಮೆಲ್ಲಗೆ.

ಇಡೆಲ್ಲಾ ಒಂದೇ ನೆಗೆತಕ್ಕೆ ಪ್ಯಾರಿಷ್ ಕೈಯಿಂದ ದೂರನ್ನು ಕಿತ್ತುಕೊಂಡಳು. ಮುದ್ದೆ ಮಾಡಿ ಮುಷ್ಟಿಯಲ್ಲಿ ಅವುಚಿದಳು. 'ದೇವರೇ... ನಾನೆಂಥ ಕೆಲಸ ಮಾಡಲು ಹೊರಟಿದ್ದೆ!'

ಥೆರನ್ ಹಾಳೆಯನ್ನು ನ್ಯಾಯಾಧೀಶರ ಮುಂದೆ ಬಿಡಿಸಿದ.

"1786ರಲ್ಲಿ ಟೆನೆಸ್ಸಿ ಅನ್ನೋ ರಾಜ್ಯವೇ ಇರಲಿಲ್ಲ, ಸ್ವಾಮಿ. ವರ್ಜೀನಿಯಾದವರು ತಮ್ಮ ಗಡಿ ಇಲ್ಲಿ ಅಂದ್ರು, ಕೆರೊಲಿನಾದವರು ಅಲ್ಲಿ ಅಂದ್ರು. ಎರಡು ಗೆರೆ, ನಡುವೆ ಎರಡು ಮೈಲಿ ಜಾಗ. ಗುಡ್ಡ ಬಿದ್ದದ್ದು ಆ ನಡುವೆ. ಗುಡ್ಡದ ದಕ್ಷಿಣಕ್ಕಿರೋ ಜಮೀನಿನ ಪತ್ರದಲ್ಲಿ ಸ್ಟಿಡಮ್ ಗೆರೆಯ ಜೊತೆಗೆ 'ವರ್ಜೀನಿಯಾ ಗೆರೆಯ ಗುಂಟ' ಅಂತಲೂ ಇದೆ. ಅಂದ್ರೆ ಆಗ ಗುಡ್ಡ ವರ್ಜೀನಿಯಾದ್ದು ಅಂತ ಲೆಕ್ಕ, ಅದಕ್ಕೇ ಅಬ್ಸಲಮ್ ತನ್ನ ಪತ್ರ ನೋಂದಾಯಿಸಿದ್ದು ಬೆಟ್ಟದಾಚೆ, ವರ್ಜೀನಿಯಾದಲ್ಲಿ. ನಾನು ಅಲ್ಲಿಂದಲೇ ಬರ್ತಿದೀನಿ."

ನ್ಯಾಯಾಧೀಶರು ಮೊಹರು ಒಡೆದು ಗಟ್ಟಿಯಾಗಿ ಓದಿದರು.

"'ಅಬ್ಸಲಮ್ ಸ್ಟಿಡಮ್ ಆದ ನಾನು ಈ ಗುಡ್ಡವನ್ನು ಜೋಯೆಲ್ ಕೆಸ್ಟರ್ಸನ್ನನಿಗೆ ಬಿಟ್ಟುಕೊಟ್ಟಿದ್ದೇನೆ. ಆದರೆ ನನ್ನ ಮಗಳು ಮಲಗಿರುವ ಅರ್ಧ ಎಕರೆಯೂ ಅಲ್ಲಿಗೆ ಹೋಗುವ ದಾರಿಯೂ ಎಂದೆಂದಿಗೂ ನನ್ನ ವಂಶದವರಿಗೆ ಸೇರಿದ್ದು.'"

ನ್ಯಾಯಾಧೀಶರು ಪತ್ರವನ್ನು ಕೆಳಗಿಟ್ಟರು.

"ಅವನಿಗೂ ಮಗಳೇ..." ಎಂದಳು ಅಜ್ಜಿ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅತ್ತಳು.

ಗೇಟು ಅಂದೇ ತೆರೆಯಬೇಕೆಂದು ಆದೇಶವಾಯಿತು.

ಮಧ್ಯಾಹ್ನ ಥೆರನ್ನನ ಕಾರು ಗುಡ್ಡದ ಅರ್ಧಕ್ಕೆ ನಿಂತಿತು. ಮುಂದೆ ಕಡಿದಾದ ಕಾಲುದಾರಿ. ಅವನು ಅಜ್ಜಿಯನ್ನು ಎತ್ತಿಕೊಂಡ.

"ಏನೋ ಹುಡುಗ, ಕೆಸ್ಟರ್ಸನ್ ಒಬ್ಬ ನನ್ನನ್ನ ಹೊತ್ಕೊಂಡು ಬರ್ತಾನೆ ಅಂದಿದ್ರೆ ಬಿದ್ದು ಬಿದ್ದು ನಗ್ತಿದ್ದೆ."

"ಭಾರ ಇಲ್ಲ ಬಿಡಿ ಅಜ್ಜಿ. ನಾಲಿಗೆ ಒಂದೇ ಸ್ವಲ್ಪ ತೂಕ."

"ಹೂಂ! ಇವನಿಗೆ ಮಾತು ಬರುತ್ತೆ ಕಣೇ ಇಡೆಲ್ಲಾ!"

ಅಜ್ಜಿ ಪುಟ್ಟ ಕಲ್ಲಿನ ಪಕ್ಕ ಕೂತು ಅದರ ಪಾಚಿಯನ್ನು ಬೆರಳಿನಿಂದ ಒರೆಸತೊಡಗಿದಳು. ಇಬ್ಬರೂ ದೂರ ಸರಿದು ನಿಂತರು.

ಇಡೆಲ್ಲಾ ಮುಷ್ಟಿ ಬಿಚ್ಚಿ ಮುದ್ದೆಯಾದ ಕಾಗದ ಕೊಟ್ಟಳು.

"ಓದಿ. ನಾನು ಬರೆಸಿದ್ದು. ನಿಮ್ಮನ್ನ ಕಳ್ಳ ಅಂದಿದೀನಿ. ನೀವು ಒಂದು ನಿಮಿಷ ತಡ ಮಾಡಿದ್ದಿದ್ರೆ..."

ಅವನು ಪೂರ್ತಿ ಓದಿದ. ಮುಖ ಬಿಳುಚಿತು.

"ಹಾಳೆ ತಗೊಂಡು ಹೋದದ್ದು ನಿಜ ತಾನೇ," ಎಂದ ಕೊನೆಗೆ. "ನನ್ನ ಹೆಸರು ಮುಚ್ಚಿಟ್ಟದ್ದೂ ನಿಜ. ನೀವಿದನ್ನ ಹರಿದು ಹಾಕಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ತೋರಿಸಿದ್ರಿ?"

"ಮುಚ್ಚಿಟ್ಟರೆ ಏನಾಗುತ್ತೆ ಅಂತ ಈ ವಾರ ನೋಡಿದೆನಲ್ಲ."

ಗಾಳಿ ಬೀಸಿತು. ಅವನು ತಡವರಿಸಿದ.

"ನಾನೂ ಒಂದು ಹೇಳಿಬಿಡ್ತೀನಿ. ದಾಖಲೆ ಕೋಣೆಗೆ ಬಂದದ್ದು ಈ ಕಲ್ಲುಗಳಿಗೋಸ್ಕರ. ವರ್ಜೀನಿಯಾಕ್ಕೆ ಹೋದದ್ದು... ಅವಕ್ಕೋಸ್ಕರ ಮಾತ್ರ ಅಲ್ಲ. ನಿಮ್ಮನ್ನ ಇಷ್ಟಪಟ್ಟಿದೀನಿ, ಇಡೆಲ್ಲಾ. ಈಗ ಬಯ್ಯೋದಿದ್ರೆ ಬಯ್ಯಿರಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಚಿಕ್ಕಪ್ಪನ ಮನೆ ಬಾಗಿಲು ಮುಚ್ಚಿತಲ್ಲ. ಭಾನುವಾರ ಊಟಕ್ಕೆ ಎಲ್ಲಿಗೆ?"

"ಗೊತ್ತಿಲ್ಲ."

"ನಮ್ಮನೇಲಿ ಬೀನ್ಸ್ ಕಾಳು ಬೇಯಿಸ್ತೀವಿ, ಜೋಳದ ರೊಟ್ಟಿ ಇರುತ್ತೆ. ಬರಬೇಕಂತೆ."

"ಅಜ್ಜಿ ಹೇಳಿದ್ರಾ?"

"ಇಲ್ಲ." ಅವಳು ತಲೆ ತಗ್ಗಿಸಿದಳು. "ನಾನು ಹೇಳ್ತಿರೋದು."

"ಈ ಭಾನುವಾರ ಒಂದೇನಾ?"

"ನೀನು ಒಂದಕ್ಕೇ ನಿಲ್ಲಿಸೋ ಹಾಗಿದ್ರೆ ಬರಲೇಬೇಡ!"

ಥೆರನ್ ಒಂದು ಹೆಜ್ಜೆ ಹತ್ತಿರ ಬಂದ.

"ಏನಂದೆ? ಇನ್ನೊಂದು ಸಲ ಹೇಳು..."

"ನೀನು," ಎಂದಳು ಇಡೆಲ್ಲಾ, ಅವನ ಕಣ್ಣಲ್ಲಿ ಕಣ್ಣಿಟ್ಟು. "ನೀನು ಅಂದೆ."