ಗುಡುಗಿನ ಕೋಣೆಯ ಕಾಸಿನ ಸರ

ಒಂದಾನೊಂದು ಮನೆಯಲ್ಲಿ ಕಿವಿ ಕೇಳದ ಒಬ್ಬ ಅಜ್ಜಿ ಇದ್ದಳು. ಅಜ್ಜಿಗೆ ಒಬ್ಬನೇ ಮಗ. ಏನು ಬೇಕಮ್ಮ ಎಂದು ಮಗ ಕೇಳಿದರೆ ಅಜ್ಜಿ ಚೆಂಡೆಮೇಳ ಬೇಕು ಅಂದಳು. ಕೇಳಿಸದಿದ್ದರೆ ಬಿಡು, ಮೈಗೆ ಮುಟ್ಟಿದರೆ ಸಾಕು ಅಂದಳು. ಮಗ ಮಹಡಿಯ ಮೇಲೆ ಗುಡುಗನ್ನು ಕೂಡಿಹಾಕುವ ಒಂದು ಕೋಣೆ ಕಟ್ಟಿಸಿದ. ಗುಡುಗನ್ನು ಪಳಗಿಸಲು ಇಬ್ಬರನ್ನು ಕರೆಸಿದ. ಒಬ್ಬ ಗುರು, ಒಬ್ಬಳು ಶಿಷ್ಯೆ. ‘ಶನಿವಾರ ಮುಗಿಯುವುದರೊಳಗೆ ನಿಮ್ಮ ಮೇಳ ನಿಮ್ಮನ್ನು ಮುಟ್ಟುತ್ತೆ’ ಎಂದು ಶಿಷ್ಯೆ ಅಜ್ಜಿಯ ಅಂಗೈ ಮೇಲೆ ಬೆರಳಿನಿಂದ ಬರೆದು ಮಾತು ಕೊಟ್ಟಳು.

ಆ ಶನಿವಾರ ಮಧ್ಯಾಹ್ನ ಮೂರೂ ಮುಕ್ಕಾಲಿಗೆ, ತ್ರಿಶ್ಶೂರಿನ ಪಕ್ಕದ ಒಲ್ಲೂರಿನ ಆ ಮನೆಯ ಮಹಡಿಯಿಂದ ಹೋಮ್ ನರ್ಸ್ ಜಿಷಾ ಕಿಟ್ಟನೆ ಕಿರುಚಿದಳು.

ಗುಡುಗಿನ ಕೋಣೆಯ ಎದುರಿನ ಕೋಣೆಯಲ್ಲಿ ಅಜ್ಜಿ ಅನ್ನಂಕುಟ್ಟಿಯ ಬೀರು ಬಾಯಿ ತೆರೆದು ನಿಂತಿತ್ತು. ಬೀಗದ ಹತ್ತಿರ ತಗಡು ಮಡಚಿಕೊಂಡಿತ್ತು. ಬಟ್ಟೆಗಳು ಇಟ್ಟ ಹಾಗೆಯೇ ಇದ್ದವು. ಮದುವೆಯ ಕಾಸಿನ ಸರ ಮಾತ್ರ ಇರಲಿಲ್ಲ.

ಶಿಷ್ಯೆ ಫಿಲೋಮಿನಾ ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದಳು. ಬರಿಗೈಯಲ್ಲಿ. ಮೈಯೆಲ್ಲ ಬೆವರು.

* * *

ಸಬ್ ಇನ್‌ಸ್ಪೆಕ್ಟರ್ ದಿವಾಕರನ್ ಬೀರುವನ್ನು ಮೂರು ಸಲ ಸುತ್ತಿದ.

“ಕಬ್ಬಿಣ ಮೀಟಿ ಒಡೆದಿದ್ದಾರೆ. ಮನೇಲಿ ಇಷ್ಟು ಜನ ಇದ್ದು ಯಾರಿಗೂ ಸದ್ದು ಕೇಳ್ಲಿಲ್ವಾ?”

“ಸದ್ದಾ?” ಮಗ ಲೋನಪ್ಪನ್ ತಲೆ ಹಿಡಿದುಕೊಂಡ. “ಅಡುಗೆಮನೆ ತಟ್ಟೆಗಳು ಕುಣೀತಾ ಇದ್ವು ಸಾರ್. ಆನೆ ಬಂದು ಬೀರು ಒದ್ದಿದ್ರೂ ಗೊತ್ತಾಗ್ತಿರಲಿಲ್ಲ. ಇವರು ಸಬ್‌ವೂಫರ್ ಅಂತ ಆ ಗುಡುಗಿನ ಪೆಟ್ಟಿಗೆಗಳನ್ನ ಅಳೀತಾ ಇದ್ರು. ನಾವೆಲ್ಲ ಅಮ್ಮಚ್ಚೀನ ಕರಕೊಂಡು ಕೆಳಗಿದ್ವಿ.”

“ಮೇಲೆ ಯಾರಿದ್ರು?”

“ನಾನಿದ್ದೆ” ಎಂದ ಗುರು ಇಟ್ಟೂಪ್ ಆಶಾನ್.

ಅರವತ್ತರ ಹತ್ತಿರದ ಮನುಷ್ಯ. ಬಿಳಿ ಮುಂಡು ಪಂಚೆ, ಜೇಬಿನಲ್ಲಿ ಸ್ಕ್ರೂಡ್ರೈವರ್. ಜಿಲ್ಲೆಯಲ್ಲಿ ಹೋಮ್ ಥಿಯೇಟರ್ ಕಟ್ಟಿಸಿದವರೆಲ್ಲ ಕೊನೆಗೆ ಅವನ ಕಿವಿಗೇ ಶರಣು. ಫಿಲೋಗೆ ಕೆಲಸ ಕಲಿಸಿದ್ದು ಆ ಕಿವಿ. ಅಪ್ಪ ತೀರಿಕೊಂಡ ವರ್ಷ ಅವಳನ್ನು ಅಂಗಡಿಗೆ ಕರೆದು ಕೂರಿಸಿದ್ದೂ ಅವನೇ.

“ಥಿಯೇಟರ್ ಒಳಗಿದ್ದೆ ಸಾರ್. ಬಾಗಿಲು ಹಾಕ್ಕೊಂಡು. ಕೆಳಗಿನ ಗುಡುಗಿಂದ ಶುರುವಾಗಿ ಮೇಲಕ್ಕೆ ಏರೋ ಒಂದು ದನಿ ಬಿಡ್ತೀವಿ. ಕೋಣೆ ಅದಕ್ಕೆ ಏನಂತು ಅಂತ ಕಂಪ್ಯೂಟರ್ ಗೆರೆ ಎಳೆಯುತ್ತೆ. ಹನ್ನೆರಡು ಸಲ ಅಳೆದ್ರೇನೇ ನನಗೆ ನಂಬಿಕೆ. ಮೂರು ಹತ್ತರಿಂದ ಮೂರು ನಲವತ್ತು. ಒಂದೊಂದು ಗೆರೆಗೂ ಟೈಮ್ ಬಿದ್ದಿದೆ, ನೋಡ್ಕೊಳ್ಳಿ.”

“ಬಾಗಿಲು ತೆಗೀಲೇ ಇಲ್ವಾ?”

“ಅಳೆಯುವಾಗ ಯಾರಾದ್ರೂ ಬಾಗಿಲು ತೆಗೀತಾರಾ ಸಾರ್?”

“ಇವಳು?”

ಆಶಾನ್ ಫಿಲೋಳ ತಲೆಯ ಮೇಲೆ ಕೈಯಿಟ್ಟ. “ನನ್ನ ಮಗಳಿದ್ದ ಹಾಗೆ. ಉದ್ದದ ವೈರ್ ತರೋಕೆ ವ್ಯಾನಿಗೆ ಕಳಿಸಿದ್ದೆ. ಇಪ್ಪತ್ತು ನಿಮಿಷಾನೋ ಏನೋ ತಡ ಆಯ್ತು. ಅಷ್ಟಕ್ಕೇ ಅನುಮಾನ ಪಡಬೇಡಿ. ಒಳ್ಳೆ ಹುಡುಗಿ.”

ಅಲ್ಲಿಯವರೆಗೆ ಯಾರೂ ಅನುಮಾನ ಪಟ್ಟಿರಲಿಲ್ಲ. ಈಗ ಎಲ್ಲರೂ ಅವಳತ್ತ ತಿರುಗಿದರು.

“ವ್ಯಾನ್ ಎಲ್ಲಿದೆ?” ದಿವಾಕರನ್ ಕೇಳಿದ.

“ಚರ್ಚ್ ಮೈದಾನದಲ್ಲಿ. ಈ ಓಣಿಗೆ ಬರಲ್ಲ ಸಾರ್.”

“ನಿನ್ನನ್ನ ನೋಡಿದವರು?”

“ಯಾರೂ ಇಲ್ಲ.”

“ವೈರ್ ಎಲ್ಲಿ?”

“ಸಿಗ್ಲಿಲ್ಲ. ಅದನ್ನೇ ಹುಡುಕ್ತಾ ಇದ್ದೆ.”

ದಿವಾಕರನ್ ಪುಸ್ತಕ ಮುಚ್ಚಿದ. ಚೀಲ, ವ್ಯಾನು, ಮೈ, ಎಲ್ಲ ತಪಾಸಣೆಯಾಯಿತು. ಸರ ಸಿಗಲಿಲ್ಲ.

“ಆರು ಗಂಟೆಗೆ ಸ್ಟೇಷನ್ನಿಗೆ ಬರ್ತೀಯಮ್ಮಾ. ಅಷ್ಟರೊಳಗೆ ನೆನಪಾದ್ರೆ ಇಲ್ಲೇ ಹೇಳು.”

ಗಡಿಯಾರ ಐದು ತೋರಿಸುತ್ತಿತ್ತು. ಕಳ್ಳಿ ಅಂತ ಒಂದು ಸಲ ಹೆಸರು ಬಿದ್ದವಳನ್ನು ಯಾವ ಮನೆಯವರು ತಮ್ಮ ಮಹಡಿ ಹತ್ತಿಸುತ್ತಾರೆ?

* * *

ಜಿಷಾ ಮೆಟ್ಟಿಲ ಮೇಲೆ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದಳು. ಫಿಲೋಗೆ ಮೊದಲು ಅವಳ ಮೇಲೇ ಅನುಮಾನ. ಬೀರುವಿನ ಕೀಲಿ ಎಲ್ಲಿರುತ್ತದೆಂದು ಬಲ್ಲವಳು ಅವಳೊಬ್ಬಳೇ.

“ನೀನು ನಡುವೆ ಮೇಲೆ ಬಂದಿದ್ದೆಯಂತೆ?”

“ನಿಮಗ್ಯಾರು ಹೇಳಿದ್ರು ಚೇಚಿ?”

“ನೀನೇ ಈಗ ಹೇಳಿದೆ.”

ಜಿಷಾ ಬೆಚ್ಚಿದಳು. ಆಮೇಲೆ ಉಸಿರು ಬಿಟ್ಟಳು. “ಅಮ್ಮಚ್ಚಿ ಮಾತ್ರೆ ತರೋಕೆ ಅರ್ಧ ಮೆಟ್ಟಿಲು ಹತ್ತಿದೆ, ಅಷ್ಟೇ. ಕರ್ತನಾಣೆ. ಎದೆಗೇ ಗುದ್ದಿದ ಹಾಗಾಯ್ತು. ಹೆದರಿ ಇಳಿದುಬಿಟ್ಟೆ. ಬೆಳಿಗ್ಗೆ ಇಷ್ಟಿರಲಿಲ್ಲ ಚೇಚಿ. ಬೆಳಿಗ್ಗೆ ನೀವು ಅಳೆದಾಗ ನಾನು ಇಲ್ಲೇ ಕೂತು ಬಟಾಣಿ ಬಿಡಿಸ್ತಿದ್ದೆ. ಒಂದು ಕಾಳೂ ಅಲುಗಲಿಲ್ಲ.”

ಅದೂ ಅಲ್ಲದೆ, ಕೀಲಿ ಬಲ್ಲವಳು ಬೀಗವನ್ನು ಯಾಕೆ ಮೀಟುತ್ತಾಳೆ?

ಫಿಲೋ ಮೆಲ್ಲಗೆ ಎದ್ದಳು.

ಆ ಕೋಣೆಯ ಗೋಡೆ ಎರಡು ಪದರ. ಬಾಗಿಲಿನ ಸುತ್ತ ರಬ್ಬರಿನ ಅಂಚು. ಮುಚ್ಚಿದರೆ ಒಳಗಿನ ಗುಡುಗು ಒಳಗೇ. ಬೆಳಿಗ್ಗೆ ಅಲುಗದ ಕಾಳು, ಮಧ್ಯಾಹ್ನ ಕುಣಿದ ತಟ್ಟೆ. ಇವೆರಡರ ನಡುವೆ ಏನು ಬದಲಾಯಿತು?

ಅವಳು ಥಿಯೇಟರಿನೊಳಕ್ಕೆ ಹೋದಳು. ಆಶಾನ್ ಇರಲಿಲ್ಲ, ಕೆಳಗೆ ಚಹಾ ಕುಡಿಯುತ್ತಿದ್ದ. ಅವನ ಸಾಮಾನಿನ ಪೆಟ್ಟಿಗೆಯನ್ನು ಪೊಲೀಸರು ಸುರಿದು ಹೋಗಿದ್ದರು. ಇಕ್ಕುಳ, ಟೇಪು, ಮೈಕಿನ ಕಾಲು. ಅದರಡಿ, ನೀಟಾಗಿ ಸುತ್ತಿಟ್ಟ ಉದ್ದದ ವೈರ್.

ಪೊಲೀಸರಿಗೆ ಅದು ಬರೀ ವೈರ್. ಫಿಲೋ ಅದನ್ನು ಕೈಗೆತ್ತಿಕೊಂಡಳು. ಇಪ್ಪತ್ತು ನಿಮಿಷ ವ್ಯಾನಿನಲ್ಲಿ ಅವಳು ಬೆವರು ಸುರಿಸಿ ಹುಡುಕಿದ್ದು ಇದನ್ನೇ. ಇಲ್ಲೇ ಇದೆ ಎಂದು ಗೊತ್ತಿದ್ದೂ ಕಳಿಸಿದವನು ಆಶಾನ್.

ಮರೆತಿರಬಹುದು, ವಯಸ್ಸಾಯಿತು, ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಕಂಪ್ಯೂಟರ್ ತೆರೆದಳು.

ಹನ್ನೆರಡು ಗೆರೆಗಳು. ಒಂದರ ಮೇಲೊಂದು ಕೂಡಿಸಿದಳು. ಮೂರು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ದನಿಯನ್ನು ಮತ್ತೊಮ್ಮೆ ಬಿಟ್ಟಳು. ಗುಡುಗು ಏರಿತು. ಏರುತ್ತಾ ಒಂದು ಕಡೆ, ಎಡಗಡೆಯ ಸಬ್‌ವೂಫರ್ ಪೆಟ್ಟಿಗೆಯಿಂದ, ಗೆಜ್ಜೆಯ ಹಾಗೆ ಸಣ್ಣಗೆ ಏನೋ ಕಿಣಿಕಿಣಿ ಎಂದಿತು.

ಬಾಗಿಲಲ್ಲಿ ಆಶಾನ್ ನಿಂತಿದ್ದ.

“ಇನ್ಯಾಕೆ ಅದನ್ನ ಕೆದಕ್ತೀಯ ಮಗಳೇ? ಎಡಗಡೆ ಪೆಟ್ಟಿಗೆಗೆ ಶಕ್ತಿ ಸಾಲ್ದು. ಅಂಗಡಿಗೆ ಒಯ್ದು ಬಿಚ್ಚಿ ನೋಡ್ತೀನಿ.”

“ಆಶಾನೇ, ಈಗ ಒಂದು ಕಿಣಿಕಿಣಿ ಬಂತಲ್ಲ, ಕೇಳಿಸ್ತಾ?”

“ಎಂಥ ಕಿಣಿಕಿಣಿ? ಏನೂ ಇಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಭಯವಾಗಿದ್ದು ಅದಕ್ಕೇ.

* * *

ಆರಕ್ಕೆ ಐದು ನಿಮಿಷ. ಎಲ್ಲರೂ ಥಿಯೇಟರಿನಲ್ಲಿದ್ದರು. ಅಜ್ಜಿಯನ್ನೂ ಫಿಲೋಳೇ ಕೈಹಿಡಿದು ಕರೆತಂದಿದ್ದಳು.

“ಬೇಗ ಹೇಳಮ್ಮ. ನನಗೂ ಮನೆಯಿದೆ” ಎಂದ ದಿವಾಕರನ್.

“ಲೋನಪ್ಪನ್ ಚೇಟ್ಟಾ, ಬೆಳಿಗ್ಗೆ ನಾವು ಅಳೆದಾಗ ತಟ್ಟೆ ಕುಣಿದ್ವಾ?”

“ಬೆಳಿಗ್ಗೆ ಇಲ್ಲ. ಯಾಕೆ?”

“ಬಾಗಿಲು ಮುಚ್ಚಿತ್ತು, ಅದಕ್ಕೆ. ಮುಚ್ಚಿದ್ರೆ ಈ ಕೋಣೆಯಿಂದ ಏನೂ ಹೊರಗೆ ಹೋಗಲ್ಲ. ಅದಕ್ಕೇ ತಾನೇ ನೀವು ಇಷ್ಟು ಖರ್ಚು ಮಾಡಿದ್ದು? ಆದ್ರೆ ಎದುರಿನ ಕೋಣೆಯ ಬೀರು ಒಡೆಯೋನಿಗೆ ಗುಡುಗು ಹೊರಗೆ ಬೇಕಿತ್ತು. ಏಟಿನ ಸದ್ದು ಮುಚ್ಚೋಕೆ. ಬಾಗಿಲು ತೆರೆಯಲೇಬೇಕಿತ್ತು.”

“ಯಾರು ಬೇಕಾದ್ರೂ ತೆರೀಬಹುದಲ್ಲ” ಎಂದ ಆಶಾನ್.

“ಸಾರ್, ಈ ಗೆರೆ ನೋಡಿ. ಮೊದಲ ಮೂರು ಒಂದೇ ಹಾದೀಲಿವೆ. ನಾಲ್ಕರಿಂದ ಎಂಟರವರೆಗೆ ಕೆಳಗಿನ ದನಿ ಕುಸಿದಿದೆ. ಮುಚ್ಚಿದ ಕೋಣೆ ಗುಡುಗನ್ನ ಒತ್ತಿ ಹಿಡಿಯುತ್ತೆ. ಬಾಗಿಲು ಬಿಟ್ರೆ ಅದು ಸೋರಿಹೋಗುತ್ತೆ. ಒಂಬತ್ತರಿಂದ ಮತ್ತೆ ಸರಿ. ಅಂದ್ರೆ ಹನ್ನೆರಡು ನಿಮಿಷ ಬಾಗಿಲು ತೆರೆದಿತ್ತು. ಹನ್ನೆರಡು ಸಲ ಅಳೆಯೋಕೆ ಹೇಳಿಬಿಟ್ರೆ ಕಂಪ್ಯೂಟರ್ ತಾನೇ ಅಳೀತಾ ಹೋಗುತ್ತೆ, ಪಕ್ಕದಲ್ಲಿ ಮನುಷ್ಯ ಇರಬೇಕಾಗಿಲ್ಲ. ಒಳಗಿದ್ದೋರು ಮಾತ್ರ ಬಾಗಿಲು ತೆಗೀಲೇ ಇಲ್ಲ ಅಂದ್ರು.”

ದಿವಾಕರನ್ ಆಶಾನನತ್ತ ನೋಡಿದ. ಆಶಾನ್ ನಕ್ಕ.

“ನಾನು ಕಲಿಸಿದ ಪಾಠ ನನಗೇ ಒಪ್ಪಿಸ್ತಾಳೆ ನೋಡಿ! ಹಾಗಾದ್ರೆ ಸರ ಎಲ್ಲಮ್ಮಾ?”

ಫಿಲೋ ದನಿ ಬಿಟ್ಟು, ಕಿಣಿಕಿಣಿ ಕೇಳಿಸಿದ್ದ ಮಟ್ಟದಲ್ಲೇ ಅದನ್ನು ಹಿಡಿದು ನಿಲ್ಲಿಸಿದಳು. ಅಜ್ಜಿಯ ಕೈಯನ್ನು ಬಲಗಡೆಯ ಪೆಟ್ಟಿಗೆಯ ಮೇಲಿಟ್ಟಳು. ಆಮೇಲೆ ಎಡಗಡೆಯದರ ಮೇಲೆ.

“ಇದರ ಹೊಟ್ಟೇಲಿ ಏನೋ ನಡುಗ್ತಿದೆ!” ಕಿವಿ ಕೇಳದವರ ಗಟ್ಟಿ ದನಿಯಲ್ಲಿ ಅಜ್ಜಿ ಕೂಗಿದಳು. “ಅದರಲ್ಲಿಲ್ಲ, ಇದರಲ್ಲಿ!”

ಗಾಳಿಯಾಡಲು ಪೆಟ್ಟಿಗೆಯ ಹಿಂದೆ ಒಂದು ಕೊಳವೆಯಿತ್ತು. ದಿವಾಕರನ್ ತೋಳು ತೂರಿಸಿದ. ಕರ್ಚೀಫು ಬಂತು. ಗುಡುಗಿನ ನಡುಕಕ್ಕೆ ಅದರ ಗಂಟು ಸಡಿಲವಾಗಿತ್ತು. ಕಾಸಿನ ಸರ ಅರ್ಧ ಹೊರಗೆ ಚೆಲ್ಲಿತ್ತು.

“ಅಂಗಡಿಗೆ ಒಯ್ತೀನಿ ಅಂದ್ರಿ. ಪೆಟ್ಟಿಗೆ ಸಮೇತ ಸರಾನೂ ಮನೆ ದಾಟ್ತಿತ್ತು” ಎಂದಳು ಫಿಲೋ. “ನಾನು ಮೇಲೆ ಬರೋ ಹೊತ್ತಿಗೆ ಹನ್ನೆರಡೂ ಮುಗಿದಿತ್ತು. ಪೆಟ್ಟಿಗೆ ಪಕ್ಕ ಇದ್ದಿದ್ದು ನೀವೊಬ್ರೇ. ವೈರ್ ನಿಮ್ಮ ಸಾಮಾನಲ್ಲೇ ಇತ್ತು ಆಶಾನೇ. ನನ್ನನ್ನ ಬೇಕಂತಲೇ ಹೊರಗೆ ಕಳಿಸಿದ್ರಿ.”

ಆಶಾನ್ ಕುರ್ಚಿ ಹುಡುಕಿ ಕುಳಿತ.

“ಕಿವಿ ಹೋಗ್ತಾ ಇದೆ” ಎಂದ ಕೊನೆಗೆ. “ಎರಡು ವರ್ಷ ಆಯ್ತು. ಸಣ್ಣ ದನಿ ಯಾವುದೂ ಕೇಳಲ್ಲ. ಗೊತ್ತಾದ್ರೆ ಯಾರು ಕರೀತಾರೆ ನನ್ನ? ಆಮೇಲೆ ಹೊಟ್ಟೆಗೇನು?”

“ನನಗೆ ಹೇಳಬಹುದಿತ್ತಲ್ಲ. ನನ್ನ ಕಿವಿ ಇತ್ತಲ್ಲ.”

“ನಿನ್ನ ಕಿವಿ ಹಿಡ್ಕೊಂಡು ಬದುಕಬೇಕಿತ್ತಾ ನಾನು?”

“ಹಾಗಂತ ನನ್ನ ಮೇಲೆ ಹಾಕಿದ್ರಾ?”

“ನೀನು ಚಿಕ್ಕವಳು.” ಅವನು ಅವಳ ಮುಖ ನೋಡಲಿಲ್ಲ. “ಬೇರೆ ಊರಲ್ಲಿ ಹೇಗೋ ಬದುಕ್ಕೋತೀಯ ಅಂದ್ಕೊಂಡೆ.”

ಬೆಳಿಗ್ಗೆ ಅದೇ ಬಾಯಿ ಅವಳಿಗೆ ತನ್ನ ಪಾಲಿನ ಪುಟ್ಟು ಬಿಟ್ಟುಕೊಟ್ಟಿತ್ತು, ತಿನ್ನು ಮಗಳೇ ಎಂದಿತ್ತು. ಆಗಲೇ ಇದೆಲ್ಲ ಅವನ ಮನಸ್ಸಿನಲ್ಲಿತ್ತೇ? ಕೇಳಲು ಫಿಲೋಗೆ ಧೈರ್ಯವಾಗಲಿಲ್ಲ.

ದಿವಾಕರನ್ ಅವನ ತೋಳು ಹಿಡಿದು ಎಬ್ಬಿಸಿದ.

* * *

“ಇನ್ನು ಸಾಕು, ಮನೆಗೆ ಹೋಗಮ್ಮ” ಎಂದ ಲೋನಪ್ಪನ್. “ಮೇಳ ಇನ್ನೊಂದು ದಿನ ಆದ್ರೂ ಆಗುತ್ತೆ.”

“ಶನಿವಾರ ಇನ್ನೂ ಮುಗಿದಿಲ್ಲ ಚೇಟ್ಟಾ.”

ಪೆಟ್ಟಿಗೆಗಳಿಗೆ ಆಶಾನನ ಕೇಳದ ಕಿವಿ ಆರಿಸಿದ ಜಾಗಗಳು. ಎರಡೂ ತಪ್ಪಾಗಿದ್ದವು. ಫಿಲೋ ಒಂದು ಸಬ್‌ವೂಫರನ್ನು ಅಜ್ಜಿಯ ಕುರ್ಚಿಯ ಮೇಲೆಯೇ ಕೂರಿಸಿದಳು. ದನಿ ಬಿಟ್ಟು, ತಾನು ಗೋಡೆಗುಂಟ ಮಂಡಿಯೂರಿ ತೆವಳಿದಳು. ಎಲ್ಲಿ ಗುಡುಗು ತುಂಬಿ ಬರುತ್ತದೋ ಅಲ್ಲಿ ಪೆಟ್ಟಿಗೆಯನ್ನಿಟ್ಟರೆ, ಕುರ್ಚಿಯಲ್ಲಿ ಕೂತವರಿಗೂ ಹಾಗೇ ತುಂಬಿ ಬರುತ್ತದೆ.

“ನನ್ನ ಕುರ್ಚಿ ಮೇಲೆ ಪೆಟ್ಟಿಗೆ ಕೂರಿಸಿ ನೀನು ಅಂಬೆಗಾಲು ಇಡ್ತೀಯೇನೇ!” ಅಜ್ಜಿ ನಕ್ಕಳು. ಆಮೇಲೆ ತಾನೂ ಚಪ್ಪಲಿ ಬಿಟ್ಟು, ಗೋಡೆಗೆ ಅಂಗೈ ಒತ್ತಿಕೊಂಡು ಅವಳ ಹಿಂದೆ ನಡೆದಳು. ಹಿಂದಿನ ಮೂಲೆಗಿಂತ ಎರಡು ಮೊಳ ಈಚೆ ನಿಂತುಬಿಟ್ಟಳು. “ಇಲ್ಲಿ.”

ಫಿಲೋ ಅಲ್ಲಿಗೇ ತೆವಳಿ ಕಿವಿಗೊಟ್ಟಳು. ಹೌದು, ಅಲ್ಲಿಯೇ.

ಎರಡನೆಯ ಪೆಟ್ಟಿಗೆ ಹಟ ಮಾಡಿತು. ಎರಡರ ಏಟೂ ಒಂದೇ ಕ್ಷಣಕ್ಕೆ ಕುರ್ಚಿ ತಲುಪಬೇಕು. ಇಲ್ಲದಿದ್ದರೆ ಒಂದನ್ನೊಂದು ನುಂಗುತ್ತವೆ. ಹತ್ತಿರದ ಪೆಟ್ಟಿಗೆಯ ದನಿಯನ್ನು ಕೂದಲೆಳೆಯಷ್ಟು ತಡೆದಳು, ಅಳೆದಳು, ಮತ್ತೆ ತಡೆದಳು. ಹನ್ನೊಂದನೆಯ ಸಲಕ್ಕೆ ಗೆರೆ ಸಮವಾಯಿತು. ಅಭ್ಯಾಸಬಲ, ಬಾಯಿಂದ ಬಂದೇಬಿಟ್ಟಿತು: “ಆಶಾನೇ, ಸರೀನಾ?”

ಫಿಲೋ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿಸಿಕೊಂಡಳು. “ಸರಿ” ಎಂದಳು, ತಾನೇ.

ಅಜ್ಜಿ ಕುರ್ಚಿಯಲ್ಲಿ ಕೂತಳು. ಜಿಷಾ ಬಾಗಿಲು ಎಳೆದುಕೊಂಡಳು. ಚೆಂಡೆಮೇಳದ ಮೊದಲ ಕಾಲ ನಿಧಾನ ಲಯದಲ್ಲಿ ಶುರುವಾಯಿತು. ಅಜ್ಜಿ ಸುಮ್ಮನಿದ್ದಳು. ಎರಡನೆಯ ಕಾಲಕ್ಕೆ ತಲೆಯೆತ್ತಿದಳು. ಮೂರನೆಯ ಕಾಲ ಏರಿತು, ಮತ್ತೂ ಏರಿತು. ಜಾತ್ರೆಯಲ್ಲಿ ಮೇಳದ ಮುಂದೆ ನಿಂತವರ ಹಾಗೆ ಅಜ್ಜಿಯ ಬಲಗೈ ತಾನಾಗಿಯೇ ಗಾಳಿಗೆ ಎದ್ದಿತು, ತಾಳ ಒಂದಿಷ್ಟೂ ತಪ್ಪದೆ.