ಐದನೇ ಹಾಡಿನ ಚಿಲಕ

ಜನಕ್ಕೆ ಬಾಯಿ ಕೊಟ್ಟಿದ್ದು ಸಾಲದು ಅಂತ ಕೈಗೊಂದು ಫೋನೂ ಬಂದಮೇಲೆ ಕೇಳಬೇಕೆ? ‘ಮಬ್ಬು’ ಅನ್ನುವ ಸಣ್ಣ ಬ್ಯಾಂಡಿನ ‘ಒಳಕೋಣೆ’ ಆಲ್ಬಮ್ ಹೊರಬಂದ ವಾರದಲ್ಲೇ ಅದರ ಕೆಳಗೆ ಅಭಿಪ್ರಾಯಗಳ ಸಂತೆ ನೆರೆದಿತ್ತು.

“ಅಳೋಕೆ ಅಂತಲೇ ಹೇಳಿ ಮಾಡಿಸಿದ ಹಾಡುಗಳು” ಎಂದು ಒಬ್ಬಳು. “ಇದನ್ನ ಕೇಳೋಕೆ ಶುರು ಮಾಡಿದ್ಮೇಲೆ ನಿದ್ರೆ ಮಾತ್ರೆ ಬಿಟ್ಟೆ” ಎಂದು ಒಬ್ಬ. “ನಮ್ಮ ಬೆಕ್ಕು ಮಂಚದ ಕೆಳಗೆ ಹೋಗಿದ್ದು ಇನ್ನೂ ಈಚೆ ಬಂದಿಲ್ಲ” ಎಂದು ಮತ್ತೊಬ್ಬ, ಮೂರು ಸ್ಟಾರ್ ಕೊಟ್ಟು.

ಆ ಗದ್ದಲದ ನಡುವೆ ಇದೊಂದಿತ್ತು:

“ಒಂದನೇ ಹಾಡು: ಶುಭ್ರ. ಎರಡನೇದು: ಅಂಚಿನಲ್ಲಿ ಕಲೆ, ತೆಗೆಯಬೇಡಿ, ಚೆಂದ ಇದೆ. ಮೂರನೇದು: ಇಸ್ತ್ರಿ ಜಾಸ್ತಿಯಾಗಿ ಹೊಳಪು ಹೊಡೆಯುತ್ತಿದೆ. ನಾಲ್ಕನೇದು: ಒಂದು ಗುಂಡಿ ಇಲ್ಲ. ಐದನೇದು: ಒಳಗೆ ಯಾರೋ ಇದ್ದಾರೆ. ಬಾಗಿಲು ತೆಗೀರಿ.”

ಬರೆದವಳು ಅಣ್ಣ ಅತ್ತಿಗೆಯ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಹಾಕುವವಳು. ವಯಸ್ಸು ಇಪ್ಪತ್ತೇಳಾದರೂ ಮನೆಯವರಿಗೆಲ್ಲ ಇನ್ನೂ ಪುಟ್ಟಿ. ಅಂಗಡಿಗೆ ಬಂದ ಪ್ರತಿ ಬಟ್ಟೆಗೂ ಒಂದು ಟ್ಯಾಗ್ ಸಿಕ್ಕಿಸಿ, ಅದರಲ್ಲಿ ಕಲೆ, ಹರಕು, ಕಿತ್ತ ಗುಂಡಿ ಎಲ್ಲ ಬರೆಯುವುದು ಅವಳ ಕೆಲಸ. ಅಭಿಪ್ರಾಯ ಬರೆಯುವುದೆಂದರೆ ಅವಳಿಗೆ ಗೊತ್ತಿದ್ದುದು ಅದೊಂದೇ ರೀತಿ.

ಆ ಕೋಣೆಗೆ ಕಿಟಕಿ ಇರಲಿಲ್ಲ. ಬುಸ್ಸೆಂದು ಆವಿ ಉಗುಳುವ ಪ್ರೆಸ್ಸು, ತಲೆಯ ಮೇಲೆ ತೂಗುವ ಕೋಟುಗಳು, ಒಂದು ಬಾಗಿಲು. ಬಾಗಿಲಿನ ಚಿಲಕ ಮಾತ್ರ ಆಚೆ ಕಡೆ, ಕೌಂಟರಿನ ಪಕ್ಕಕ್ಕೆ. ಆವಿ ಹೊರಗೆ ಬರಬಾರದೆಂದು ಅತ್ತಿಗೆ ಬೆಳಗ್ಗೆ ಅದನ್ನು ಹಾಕಿದರೆ, ತೆಗೆಯುವುದು ಊಟದ ಹೊತ್ತಿಗೆ. ಪುಟ್ಟಿಗೆ ನಡುವೆ ಏನಾದರೂ ಬೇಕಾದರೆ ಒಳಗಿನಿಂದ ಬಾಗಿಲು ತಳ್ಳಿ ಚಿಲಕ ಅಲುಗಿಸಬೇಕು. ಹನ್ನೆರಡು ವರ್ಷದಿಂದ ಹೀಗೇ.

“ಬೆವರಿಳಿಯೋ ಮುಖಾನ ಗಿರಾಕಿಗಳಿಗೆ ಯಾಕೆ ತೋರಿಸ್ಬೇಕು ಪುಟ್ಟಿ? ಒಳಗೇ ಇರು, ಹಾಯಾಗಿ” ಅನ್ನುವಳು ಅತ್ತಿಗೆ.

ಅತ್ತಿಗೆ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಒಂದು ದಿನ ಜಗಳವಾಡಿ ಹೊರಟುಬಿಡಬಹುದಿತ್ತು. ಆದರೆ ಅಪ್ಪ ಅಮ್ಮ ಹೋದಾಗ ಒಂಬತ್ತು ವರ್ಷದವಳಿಗೆ ತಲೆ ಬಾಚಿ, ತುತ್ತು ಕಲಸಿ ಕೊಟ್ಟು ಬೆಳೆಸಿದವಳು ಅವಳೇ. ಉಂಡ ಮನೆಗೆ ಎದುರು ಮಾತಾಡುವುದು ಹೇಗೆ?

ಈಗ ಅತ್ತಿಗೆ ಹೊಸದೊಂದು ಹಟ ಹಿಡಿದಿದ್ದಳು. “ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ ಹಾಗಾಯ್ತು ನೋಡು! ನನ್ನ ತಮ್ಮನೇ ಇದ್ದಾನಲ್ಲ. ಒಳಗೇ ಇನ್ನೊಂದು ಪ್ರೆಸ್ಸು ಹಾಕ್ಸಿಕೊಡ್ತೀವಿ. ನಿನ್ನ ಪಕ್ಕದಲ್ಲೇ ಅವನು. ಭಾನುವಾರ ಬರ್ತಾನೆ, ಮದುವೆ ಮಾತು ಮುಗಿಸಿಬಿಡೋಣ.”

ಅಣ್ಣ ತಲೆಯಾಡಿಸಿದ. ಪುಟ್ಟಿ ಸುಮ್ಮನಿದ್ದಳು. ಸುಮ್ಮನಿದ್ದರೆ ಒಪ್ಪಿಗೆ ಅಂತ ಯಾರು ಕಂಡುಹಿಡಿದರೋ, ಅವರ ಕೈಲಿ ಒಂದು ದಿನವಾದರೂ ಆ ಕೋಣೆಯಲ್ಲಿ ಇಸ್ತ್ರಿ ಹಾಕಿಸಬೇಕಿತ್ತು. ಎರಡನೇ ಪ್ರೆಸ್ಸು ಎಲ್ಲಿ ಕೂರುತ್ತದೆಂದು ಅವಳು ಮನಸ್ಸಿನಲ್ಲೇ ಅಳೆದಳು. ಬಾಗಿಲಿಗೆ ಅಡ್ಡವಾಗಿ, ಇನ್ನೆಲ್ಲಿ?

ಅವಳು ಹಾಡು ಕೇಳುತ್ತಿದ್ದುದು ಊಟದ ಅರ್ಧ ಗಂಟೆ, ಕೌಂಟರಿನ ಫೋನಿನಲ್ಲಿ. ಅಭಿಪ್ರಾಯ ಬರೆದದ್ದೂ ಅದರಲ್ಲೇ. ಪೆದ್ದಿಗೆ ಹೊಳೆಯಲೇ ಇಲ್ಲ: ಅದು ಅವಳ ಹೆಸರಿನಲ್ಲಲ್ಲ, ಅಂಗಡಿಯ ಹೆಸರಿನಲ್ಲಿ ಪ್ರಕಟವಾಗಿತ್ತು.

ಸೋಮವಾರ ಬೆಳಗ್ಗೆ ಕೌಂಟರಿನಲ್ಲಿ ಒಂದು ಹೊಸ ಗಂಡುದನಿ ಕೇಳಿಸಿತು.

“ನೀವು ಬರೆದಿದ್ದು ಓದಿ ಬಂದೆ ಮೇಡಂ. ಅಷ್ಟು ಚಿಕ್ಕದಾಗಿ, ಅಷ್ಟು ಸರಿಯಾಗಿ ಯಾರೂ ಬರೆದಿರಲಿಲ್ಲ.”

ಅತ್ತಿಗೆ ಕಳೆದ ತಿಂಗಳು ಅಂಗಡಿಯ ಜಾಹೀರಾತೊಂದನ್ನು ಫೋನಿನಲ್ಲಿ ಹಾಕಿದ್ದಳು. ಅದನ್ನೇ ಹೊಗಳುತ್ತಿದ್ದಾನೆಂದು ಉಬ್ಬಿಹೋದಳು. “ಅಯ್ಯೋ, ನಾನೇ ಬರೆದಿದ್ದು! ಯಾರ ಸಹಾಯಾನೂ ಇಲ್ಲ!”

“ಹೌದಾ” ಅಂದಿತು ದನಿ, ನಗುತ್ತಾ. “ಈ ಕೋಟು ತಗೊಳ್ಳಿ. ಜೇಬು ನೋಡೋದು ಮರೀಬೇಡಿ.”

ಊಟದ ಹೊತ್ತಿಗೆ ಚಿಲಕ ತೆಗೆದಾಗ ಕಪ್ಪು ಕೋಟು ಒಳಗೆ ಬಂತು. ಜೇಬು ಖಾಲಿ ಮಾಡುವುದೂ ಪುಟ್ಟಿಯದೇ ಕೆಲಸ. ಒಳಗೊಂದು ಮಡಿಸಿದ ಚೀಟಿ:

“ಐದನೇ ಹಾಡಿನ ಒಳಗಿರೋದು ನಾನೇ. ರೆಕಾರ್ಡಿಂಗ್ ಮಾಡೋನು. ನಾವು ರೆಕಾರ್ಡ್ ಮಾಡೋ ಗೋಡೌನಿನಲ್ಲಿ ಮೈಕು ಆನ್ ಇದ್ದಾಗಲೇ ವಾಚ್‌ಮನ್ ಯಾರೂ ಇಲ್ಲ ಅಂದ್ಕೊಂಡು ಹೊರಗಿಂದ ಚಿಲಕ ಹಾಕ್ಕೊಂಡು ಹೋದ. ನಲವತ್ತು ನಿಮಿಷ ಬಾಗಿಲು ತಳ್ಳಿದ್ದೀನಿ. ಆ ಸದ್ದನ್ನ ಗಿಟಾರಿನ ಕೆಳಗೆ ಹಾಗೇ ಬಿಟ್ಟೆ. ಬ್ಯಾಂಡಿನವರಿಗೇ ಕೇಳಿಸಿಲ್ಲ. ನಿಮಗೆ ಹೇಗೆ ಕೇಳಿಸ್ತು?”

ಪುಟ್ಟಿ ಚೀಟಿ ಹಿಡಿದು ಬಟ್ಟೆ ರಾಶಿಯ ಮೇಲೆ ಕೂತುಬಿಟ್ಟಳು. ಟಕ್ ಟಕ್, ಸ್ವಲ್ಪ ತಡೆದು ಮತ್ತೊಂದು ಟಕ್. ಹೇಗೆ ಕೇಳಿಸಿತಂತೆ! ದಿನಾ ಅವಳ ಕೈ ಮಾಡುವ ಸದ್ದು ಅದು.

ಟ್ಯಾಗಿನಲ್ಲಿ ಕಲೆ, ಹರಕು ಬರೆಯುವ ಜಾಗದಲ್ಲಿ ಬರೆದಳು: “ಎರಡನೇ ಗುಂಡಿ ಸಡಿಲ. ನನ್ನ ಬಾಗಿಲ ಚಿಲಕವೂ ಆಚೆ ಕಡೆಗೇ ಇದೆ.”

ಬುಧವಾರ ಅವನು ಕೋಟು ಒಯ್ದ. ಗುರುವಾರ ಅದೇ ಕೋಟು ವಾಪಸ್ ಬಂತು.

“ಒಂದೇ ದಿನಕ್ಕೆ ಕೊಳೆ ಆಯ್ತಾ?” ಅತ್ತಿಗೆ ಕೇಳಿದಳು.

“ಕಾಫಿ ಚೆಲ್ಲಿತು.”

ಕಾಫಿಯೂ ಇಲ್ಲ, ಏನೂ ಇಲ್ಲ, ಸುಳ್ಳ! ಪುಟ್ಟಿ ತೋಳಿನಿಂದ ಕಾಲರಿನವರೆಗೆ ಹುಡುಕಿ ಒಬ್ಬಳೇ ನಕ್ಕಳು. ಕಾಲರಿನ ಬಳಿ ಸೋಪಿನ ವಾಸನೆ ಇತ್ತು. ಅದರ ಮೇಲೆ ಇಸ್ತ್ರಿ ಇಡಲು ಮನಸ್ಸಾಗದೆ ಆ ಭಾಗವನ್ನು ಕೊನೆಗೆ ಉಳಿಸಿಕೊಂಡಳು. ಜೇಬಿನಲ್ಲಿ ಚೀಟಿ: “ಭಾನುವಾರ ಸಂಜೆ ಹಾಡ್ತೀವಿ. ಬರ್ತೀರಾ? ಬಂದರೆ ಐದನೇ ಹಾಡು ನಿಮಗೆ.”

ಭಾನುವಾರ. ವಾರದಲ್ಲಿ ಏಳು ದಿನ ಇದ್ದೂ ಅದೇ ದಿನವೇ ಬೇಕಿತ್ತೇ? ಪೆನ್ನು ಹಿಡಿದಳು, ಇಟ್ಟಳು, ಮತ್ತೆ ಹಿಡಿದಳು. ಕೊನೆಗೆ ಟ್ಯಾಗಿನಲ್ಲಿ ಬರೆದದ್ದು ಇಷ್ಟು: “ಬರಬೇಕು ಅಂತ ತುಂಬಾ ಆಸೆ ಇದೆ.”

ಶನಿವಾರ ಅವನು ಬಂದ. ಕೋಟು ಕೌಂಟರಿಗೆ ಹೋಗಿತ್ತು. ಟ್ಯಾಗ್ ಓದುತ್ತಿರಬೇಕು, ದನಿಯಲ್ಲಿ ಹಬ್ಬ.

“ಹಾಗಾದ್ರೆ ನಾಳೆ ಬರ್ತೀರಿ ತಾನೆ?”

“ಎಲ್ಲಿಗೆ?” ಅಂದಳು ಅತ್ತಿಗೆ. “ನಾಳೆ ಎಲ್ಲೂ ಆಗಲ್ಲಪ್ಪ. ನಾನೂ ನಮ್ಮ ಯಜಮಾನ್ರೂ ಮನೆಯಲ್ಲೇ. ಮಾತುಕತೆ ಇದೆ.”

“ಯಜಮಾನ್ರು?”

“ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ಇನ್ನೂ ಹೀಗೇ ಇದ್ದೀನಿ ನೋಡಿ!” ಅತ್ತಿಗೆ ನಕ್ಕಳು.

ಅವನು ನಗಲಿಲ್ಲ. “ಕ್ಷಮಿಸಿ. ನಾನೇ ತಪ್ಪು ತಿಳ್ಕೊಂಡೆ. ಇನ್ನು ಬರಲ್ಲ” ಅಂದ.

ಒಳಗೆ ಪುಟ್ಟಿಯ ಕೈಯಲ್ಲಿ ಇಸ್ತ್ರಿ ನಿಂತಿತು. “ಅಲ್ಲ, ಅವಳಲ್ಲ, ನಾನು!” ಅಂದಳು. ಪ್ರೆಸ್ಸು ಬುಸ್ಸೆಂದು ಅವಳ ಮಾತನ್ನು ನುಂಗಿತು. ಅವನ ಹೆಜ್ಜೆ ಹೊರಬಾಗಿಲ ಕಡೆ ಹೋಗುತ್ತಿತ್ತು. ಈಗ ಹೋದರೆ ಹೋದ. ನಾಳೆ ಅತ್ತಿಗೆಯ ತಮ್ಮ ಬರುತ್ತಾನೆ, ನಾಡಿದ್ದು ಎರಡನೇ ಪ್ರೆಸ್ಸು ಬರುತ್ತದೆ, ಆಮೇಲೆ ಜನ್ಮಕ್ಕೂ ಇದೇ ಗೋಡೆ.

ಅವಳು ಪ್ರೆಸ್ಸಿನ ಸ್ವಿಚ್ ಆರಿಸಿದಳು. ಬೆಳಗಿನ ಹೊತ್ತು ಆ ಅಂಗಡಿ ಅಷ್ಟು ನಿಶ್ಶಬ್ದವಾದದ್ದು ಅದೇ ಮೊದಲು.

ಬಾಗಿಲಿಗೆ ಕೈಯಿಟ್ಟು ತಳ್ಳಿದಳು. ಟಕ್ ಟಕ್. ತಡೆದಳು. ಟಕ್.

ಹೆಜ್ಜೆ ನಿಂತಿತು.

ಮತ್ತೆ ತಳ್ಳಿದಳು. ಟಕ್ ಟಕ್. ಟಕ್.

“ಏನು ಬೇಕೇ ಪುಟ್ಟಿ? ಸ್ವಲ್ಪ ತಡಿ, ಗಿರಾಕಿ ಇದ್ದಾರೆ” ಅಂದಳು ಅತ್ತಿಗೆ.

ಅವನ ದನಿ ಬಾಗಿಲಿನ ತೀರ ಹತ್ತಿರ ಬಂತು. “ಮೇಡಂ, ಒಳಗೆ ಯಾರೋ ಇದ್ದಾರೆ. ಬಾಗಿಲು ತೆಗೀರಿ.”

ಚಿಲಕ ಸರಿಯಿತು.

ಹೀಗೆಲ್ಲ ಕನಸು ಕಂಡವಳು ಚೆಂದಗೆ ತಲೆ ಬಾಚಿಕೊಂಡಾದರೂ ಇರಬಾರದೇ? ಕೂದಲು ಹಣೆಗೆ ಅಂಟಿತ್ತು, ಮೂಗಿನ ತುದಿಯಲ್ಲಿ ಬೆವರು ತೂಗುತ್ತಿತ್ತು, ಕಿವಿಯ ಹಿಂದೆ ಪೆನ್ನು. ಅವನೂ ಅಷ್ಟೇನೂ ಸುಂದರಾಂಗನಲ್ಲ. ಉದ್ದ ಮೂಗು, ದಪ್ಪ ಕನ್ನಡಕ, ಎದೆಗೆ ಅವಚಿಕೊಂಡ ಕೋಟು. ಒಳಗಿನ ಆವಿ ಬಡಿದು ಕನ್ನಡಕ ಪೂರ್ತಿ ಮಸುಕಾಯಿತು. ಅದನ್ನು ಕಿತ್ತು ತೆಗೆದು, ಕಣ್ಣು ಕಿರಿದು ಮಾಡಿ ನೋಡಿದ.

“ಟ್ಯಾಗ್ ಬರೆಯೋರು...”

“ನಾನೇ.”

“ನಾಲ್ಕನೇ ಹಾಡಿಗೆ ಗುಂಡಿ ಇಲ್ಲ ಅಂದೋರು?”

“ನಾನೇ. ಎರಡನೇ ನಿಮಿಷದಲ್ಲಿ ಕಿತ್ತಿದೆ. ಡ್ರಮ್ಮಿನವನು ಎಲ್ಲೋ ನೋಡ್ತಿದ್ದ.”

“ಅವತ್ತು ಅವನಿಗೆ ಸೀನು ಬಂದಿತ್ತು” ಅಂದ ಅವನು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವನ ಕಣ್ಣು ತುಂಬಿತು. “ಆ ನಲವತ್ತು ನಿಮಿಷ ಯಾರಿಗೂ ಕೇಳಿಸ್ತಿಲ್ಲ ಅನ್ನೋದೇ ನನಗೆ ದೊಡ್ಡ ಭಯ ಆಗಿತ್ತು. ನೀವು ಬರೆದಿದ್ದು ಓದಿದ ದಿನ ಅದು ಹೋಯ್ತು. ನೀವಂದ್ರೆ ನನಗೆ ಇಷ್ಟ. ಮುಖ ನೋಡೋಕೆ ಮುಂಚೇನೇ.”

“ಏನೇ ಇದು ಪುಟ್ಟಿ?” ಅತ್ತಿಗೆ ಬಾಯಿ ತೆರೆದು ನಿಂತಿದ್ದಳು.

ಪುಟ್ಟಿ ಅವಳ ಕೈ ಹಿಡಿದಳು. “ಅತ್ತಿಗೆ, ನಾಳೆ ನಿಮ್ಮ ತಮ್ಮನಿಗೆ ಬರಬೇಡ ಅನ್ನಿ. ನನಗೆ ಈ ಮದುವೆ ಬೇಡ.”

“ನಿನಗೆ ನಾನೇನೇ ಕಮ್ಮಿ ಮಾಡಿದ್ದೀನಿ?” ಅತ್ತಿಗೆಯ ದನಿ ಒಡೆಯಿತು.

“ಏನೂ ಕಮ್ಮಿ ಮಾಡಿಲ್ಲ. ಅದಕ್ಕೇ ಬೇಡ ಅನ್ನೋಕೆ ಬಾಯೇ ಬರಲಿಲ್ಲ. ನನಗೆ ಒಳಗೆ ಉಸಿರು ಕಟ್ಟುತ್ತೆ ಅತ್ತಿಗೆ. ಎಷ್ಟು ಸಲ ಚಿಲಕ ಅಲುಗಿಸಿದೆ. ನೀವು ಪ್ರತಿ ಸಲ ನೀರು ಕೊಟ್ಟು ಮತ್ತೆ ಹಾಕಿದ್ರಿ.”

ಅತ್ತಿಗೆ ಕೌಂಟರಿನ ಮೇಲಿದ್ದ ಟವೆಲ್ ತೆಗೆದು, ಒಂಬತ್ತು ವರ್ಷದವಳಿಗೆ ಒರೆಸಿದ ಹಾಗೇ ಪುಟ್ಟಿಯ ಹಣೆ, ಮೂಗು, ಕತ್ತು ಒರೆಸಿದಳು. ತನ್ನ ಕಣ್ಣನ್ನೂ ಅದರಲ್ಲೇ ಒರೆಸಿಕೊಂಡಳು. “ಗಿರಾಕಿ ಮುಂದೆ ಹೀಗಾ ನಿಲ್ಲೋದು, ಕೋತಿ” ಅಂದಳು. ಅವನ ಕಡೆ ತಿರುಗಿ ಗದರಿದಳು: “ಎಷ್ಟು ಗಂಟೆಗಪ್ಪ ನಾಳೆ ನಿಮ್ಮ ಹಾಡು? ಬೇಗ ಮುಗಿಯುತ್ತಾ?”

“ಆರಕ್ಕೆ ಮೇಡಂ. ಎಂಟರೊಳಗೆ ಮುಗಿಯುತ್ತೆ.”

“ಐದನೇ ಹಾಡು ಆಗೋವರೆಗೂ ಇರ್ತೀನಿ” ಅಂದಳು ಪುಟ್ಟಿ, ಅವನನ್ನೇ ನೋಡುತ್ತಾ. “ಅಭಿಪ್ರಾಯ ಈ ಸಲ ಬಾಯಲ್ಲೇ ಹೇಳ್ತೀನಿ.”

ಅವನು ಕೋಟನ್ನು ಮತ್ತೆ ಅವಳತ್ತ ಚಾಚಿದ. “ಎರಡನೇ ಗುಂಡಿ ಇನ್ನೂ ಸಡಿಲವಾಗೇ ಇದೆ.”

“ಗೊತ್ತು. ಬೇಕು ಅಂತಲೇ ಬಿಟ್ಟೆ. ಹೊಲಿದುಬಿಟ್ಟರೆ ನೀವು ಯಾಕೆ ಮತ್ತೆ ಬರ್ತೀರಿ?”

ಅವನ ಕಿವಿ ಕೆಂಪಗಾಯಿತು. ಪುಟ್ಟಿ ಕೋಟು ತೆಗೆದುಕೊಂಡು ಒಳಗೆ ಹೋದಳು. ಇನ್ನೂ ಮೂವತ್ತು ಅಂಗಿ ಬಾಕಿ ಇದ್ದವು. ಪ್ರೆಸ್ಸು ಬುಸ್ಸೆಂದಿತು, ಆವಿ ಕೌಂಟರಿನವರೆಗೂ ಬಂತು. ಅಭ್ಯಾಸಬಲದಿಂದ ಅತ್ತಿಗೆಯ ಕೈ ಚಿಲಕಕ್ಕೆ ಹೋಯಿತು, ಅಲ್ಲೇ ನಿಂತಿತು.

“ಇರ್ಲಿ ಬಿಡು” ಅಂದಳು ಅತ್ತಿಗೆ, ಯಾರಿಗೂ ಅಲ್ಲದ ಹಾಗೆ. “ಬಂದ್ರೆ ಬರ್ಲಿ ಆವಿ.”