ವಕೀಲರ ಮೊದಲ ಲಗ್ನ

"ನೀವ ಏನ್ರಿ, ಪೇಪರಿನ್ಯಾಗ ಕೋರ್ಟಿಂದ ಬರಿಯಾವ್ರು?"

ಗೋಕಾಕದ ಮಾಳಿಗೆ ಮೇಲಿನ ಆಫೀಸಿನ ಬಾಗಿಲಲ್ಲಿ ನಿಂತು ಶಿವಗಂಗವ್ವ ಹೀಗೆ ಕೇಳಿದಾಗ, ವಕೀಲ ರಾಯಪ್ಪ ಚಹಾವನ್ನು ಬಸಿಗೆ ಸುರಿದುಕೊಂಡು ಇನ್ನೇನು ತುಟಿಗಿಡುವವನಿದ್ದ. ಸೆರಗನ್ನು ಸೊಂಟಕ್ಕೆ ಬಿಗಿದು ನಿಂತ ಹೆಣ್ಣನ್ನು ನೋಡಿ ಬಸಿ ಕೆಳಗಿಟ್ಟ.

"ಹೌದ್ರಿ, ನಾನ. ಓದತೀರೇನು?"

ದನಿಯಲ್ಲಿ ಹಿಗ್ಗಿತ್ತು. ಇರದೇನು? ವಾರಪತ್ರಿಕೆಯೊಂದರಲ್ಲಿ ಅವನು ಬರೆಯುವ 'ಕೋರ್ಟಿನ ಮಾತು' ಅಂಕಣವನ್ನು ಮೂಡಲಗಿಯ ಸಂತೆಯಲ್ಲೂ ಜನ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ದೊಡ್ಡ ಕೋರ್ಟಿನ ತೀರ್ಪುಗಳನ್ನು ಉಳ್ಳಾಗಡ್ಡಿ ಸುಲಿದಂತೆ ಸುಲಿದು ಹೇಳುವ ಕಲೆ ಅವನಿಗೆ ಸಿದ್ಧಿಸಿತ್ತು. ಅದು ಅವನಿಗೆ ಗೊತ್ತೂ ಇತ್ತು.

"ಓದಿದ್ದಕ್ಕ ಬಂದೇನಿ. 'ಪಂಚರು ಬರೆಸಿದ ಸೋಡಪತ್ರಕ್ಕೆ ಇನ್ನು ಕವಡೆ ಕಿಮ್ಮತ್ತಿಲ್ಲ' ಅಂತ ಬರದೀರಿ. ಹಂಗಾದ್ರ ನಾ ಯಾರ ಹೇಣ್ತಿ? ಹೇಳ್ರಿ ನೋಡೂಣು!"

ರಾಯಪ್ಪನ ಚಹಾ ಅಲ್ಲೇ ಆರಿತು.

ಶಿವಗಂಗವ್ವ ಕಲ್ಲೋಳಿಯ ಬೆಲ್ಲದ ವ್ಯಾಪಾರಿ ದುಂಡಪ್ಪನ ಒಬ್ಬಳೇ ಮಗಳು. ದಡ್ಡಿಯ ಕೆಂಚಪ್ಪನಿಗೆ ಕೊಟ್ಟಿದ್ದರು. ಆ ಪುಣ್ಯಾತ್ಮ ಮತ್ತೊಬ್ಬಳನ್ನು ಮನೆಗೆ ತಂದ. ಪಂಚರು ಕೂಡಿ, 'ನಿನಗೆ ನಾನಿಲ್ಲ, ನನಗೆ ನೀನಿಲ್ಲ' ಎಂದು ಸೋಡಪತ್ರ ಬರೆಸಿ ಬಿಡುಗಡೆ ಮಾಡಿದರು. ತವರಿಗೆ ಬಂದವಳು ಅಳುತ್ತ ಕೂಡಲಿಲ್ಲ, ಅಪ್ಪನ ಅಂಗಡಿಯ ತಕ್ಕಡಿ ಹಿಡಿದಳು. ಅಷ್ಟರಲ್ಲಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲೆಂಬ ಹೊಸ ಕಾಯ್ದೆ ಬಂತು ನೋಡಿ, ಕೆಂಚಪ್ಪನಿಗೆ ಹಳೆಯ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಮಾವನ ಹೊಲದ ಮೇಲೆ ಕಣ್ಣು ಬಿದ್ದರೆ ಹೆಂಡತಿಯ ನೆನಪು ಬಾರದಿರುತ್ತದೆಯೇ! ರಾಯಪ್ಪನ ಅಂಕಣ ಓದಿಸಿ ಕೇಳಿ, 'ಸೋಡಪತ್ರ ಸುಳ್ಳು, ನನ್ನ ಹೆಂಡತಿ ನನ್ನ ಮನೆಗೆ ಬರಲಿ' ಎಂದು ಹುಕ್ಕೇರಿ ಕೋರ್ಟಿನಲ್ಲಿ ದಾವೆ ಹಾಕಿದ್ದ.

"ನಾ ಬರದ ಆ ದೊಡ್ಡ ಕೋರ್ಟಿನ ತೀರ್ಪು ನಿಮ್ಮ ಮಂದೀಗೆ ಹತ್ತೂದಿಲ್ರಿ," ಎಂದ ರಾಯಪ್ಪ. "ಸೋಡಪತ್ರದ ಪದ್ಧತಿನ ಇಲ್ಲದ ಮಂದಿ ಕೇಸ್ ಅದು. ಪದ್ಧತಿ ಇದ್ದವರ ಸೋಡಪತ್ರಾ ಲಗ್ನದ ಹೊಸಾ ಕಾಯ್ದೆದಾಗೂ ನಡೀತೈತಿ."

"ಮತ್ತ ಅದನ್ಯಾಕ ಬರೀಲಿಲ್ಲ?"

"ಅದು... ಪೇಪರಿನ್ಯಾಗ ಜಾಗಾ ಸಾಲಲಿಲ್ರಿ."

"ನಿಮಗ ಪೇಪರಿನ್ಯಾಗ ಜಾಗಾ ಸಾಲಲಿಲ್ಲಂತ, ನನಗ ಊರಾಗ ಜಾಗಾ ಇಲ್ಲದಂಗ ಮಾಡಿದ್ರಲ್ಲ!"

ಹುಕ್ಕೇರಿಯಿಂದ ಬೆಳಗಾವಿಯವರೆಗೆ ಯಾವ ವಕೀಲನೂ ರಾಯಪ್ಪನ ಬಾಯಿ ಕಟ್ಟಿರಲಿಲ್ಲ. ಇವಳು ಒಂದೇ ಮಾತಿಗೆ ಕಟ್ಟಿದಳು. ಅವನು ಅವಳನ್ನೇ ನೋಡಿದ. ಸಿಟ್ಟಿನಲ್ಲಿ ಮೂಗಿನ ತುದಿ ಕೆಂಪಾಗಿತ್ತು, ಕಣ್ಣು ಮಾತ್ರ ಅಳುಕದೆ ಅವನ ಕಣ್ಣಲ್ಲೇ ಇತ್ತು. ಎಷ್ಟು ಹೊತ್ತು ನೋಡಿದನೋ, ಅವಳೇ ಮೊದಲು ಮುಖ ತಿರುವಿದಳು.

"ಬರೂ ವಾರ ನನ್ನ ತಪ್ಪು ನಾನ ಬರೀತೇನಿ. ನಿಮ್ಮ ಕೇಸೂ ನಾನ ನಡಸ್ತೇನಿ," ಎಂದ. "ಕೆಡಿಸಿದಾವ್ನ ರಿಪೇರಿ ಮಾಡಬೇಕಲ್ರಿ."

"ಗೆಲ್ಲತೀರೇನು?"

"ಅದರಾಗ ಸಂಶೇ ಇಟಗೋಬ್ಯಾಡ್ರಿ."

ಭಂಡ ಧೈರ್ಯದ ಮನುಷ್ಯ, ಎಂದುಕೊಂಡಳು ಶಿವಗಂಗವ್ವ. ಆದರೆ ಮೆಟ್ಟಿಲಿಳಿಯುವಾಗ ಎದೆಯ ಭಾರ ಅರ್ಧ ಇಳಿದಿತ್ತು.

ಅಡಚಣೆ ಇದ್ದದ್ದು ಒಂದೇ ಕಡೆ. ಪದ್ಧತಿ ಇದೆ ಎಂದರೆ ಸಾಲದು, ಜೀವಂತ ಸಾಕ್ಷಿ ಬೇಕು. ಸೋಡಪತ್ರ ಪಡೆದು ಎರಡನೆಯ ಲಗ್ನವಾದವರು, ಅಂದರೆ ಉಡಿಕಿಯಾದವರು, ಕಟಕಟೆಯಲ್ಲಿ ನಿಂತು ಹೇಳಬೇಕು. ಉಡಿಕಿಯೆಂದರೆ ಬಾಜಾ ಇಲ್ಲ, ಹಂದರವಿಲ್ಲ, ಹೊತ್ತು ಮುಳುಗಿದ ಮೇಲೆ ನಾಲ್ಕು ಮಂದಿ ಎದುರು ಮುಗಿಯುವ ಲಗ್ನ. ಆದವರು ಅದರ ಮಾತೆತ್ತುವುದಿಲ್ಲ.

"ಹೆಣ್ಮಕ್ಕಳು ಕೋರ್ಟಿನ್ಯಾಗ ನಿಂತು 'ನಾ ಉಡಿಕಿ ಆದಾಕಿ' ಅಂತಾರೇನ್ರಿ?" ಎಂದ ರಾಯಪ್ಪ. ಅವನ ದನಿ ಮೊದಲ ಸಲ ಸಣ್ಣದಾಗಿತ್ತು.

"ಕೇಳೂ ಹಂಗ ಕೇಳಿದ್ರ ಅಂತಾರ. ಗಂಡಸರಿಗೆ ಕೇಳಾಕ ಬರೂದಿಲ್ಲ, ಬಿಡ್ರಿ."

ಕಲ್ಲೋಳಿಯಲ್ಲಿ, ಮೂಡಲಗಿಯಲ್ಲಿ ಮನೆಮನೆ ತಿರುಗಿದಳು. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬಳಂತೂ 'ನಿನ್ನ ಬಾಯಾಗ ಮಣ್ಣ ಬೀಳ್ಲಿ' ಎಂದು ಬೈದಳು. ಕಡೆಗೆ ಸೋದರತ್ತೆ ಶಿವವ್ವ ಒಳಕಲ್ಲು ಬಿಟ್ಟು ಎದ್ದು ನಿಂತು, "ನಡೀ, ನಾ ಬರತೇನಿ. ಕಳವು ಮಾಡೇನೇನು ಅಂಜಾಕ?" ಎಂದಳು.

ಹುಕ್ಕೇರಿ ಕೋರ್ಟು ಅಂದು ಕಿಕ್ಕಿರಿದಿತ್ತು. ಎದುರು ವಕೀಲರು ಪತ್ರಿಕೆಯನ್ನು ಗಾಳಿಯಲ್ಲಿ ಆಡಿಸಿದರು. "ಇದು ನನ್ನ ಮಾತಲ್ಲ ಸಾಹೇಬರೆ, ನಮ್ಮ ರಾಯಪ್ಪನವರೇ ಬರೆದದ್ದು. ಸೋಡಪತ್ರಕ್ಕೆ ಕವಡೆ ಕಿಮ್ಮತ್ತಿಲ್ಲವಂತೆ!"

ಜನ ಗೊಳ್ಳೆಂದು ನಕ್ಕರು. ರಾಯಪ್ಪ ಕರಿ ಕೋಟು ಸರಿಪಡಿಸಿಕೊಂಡು ಎದ್ದ.

"ಸಾಹೇಬರೆ, ಇದನ್ನು ಬರೆದಾತನನ್ನು ನಾನು ಹತ್ತಿರದಿಂದ ಬಲ್ಲೆ. ಶಾಣ್ಯಾ ಇದ್ದಾನೆ, ಆದರೆ ಅವಸರಗೇಡಿ. ಮರುವಾರವೇ ತನ್ನ ತಪ್ಪು ಒಪ್ಪಿ ಬರೆದಿದ್ದಾನೆ. ನಮ್ಮ ಮಿತ್ರರು ಪತ್ರಿಕೆ ತರಿಸುವುದನ್ನು ಅಷ್ಟು ಬೇಗ ನಿಲ್ಲಿಸಬಾರದಿತ್ತು."

ಈ ಸಲ ಸಾಹೇಬರೂ ನಕ್ಕರು.

ಶಿವವ್ವ ಕಟಕಟೆ ಹತ್ತಿದಳು. "ನಾನೂ ಉಡಿಕಿ ಆದಾಕಿನರಿ. ಮೊದಲಿನಾಂವ ಸೋಡಪತ್ರಾ ಕೊಟ್ಟಾ, ಎರಡನೇದಾಂವನ ಕೂಡ ಬಾಳೇ ಮಾಡೇನಿ, ಮಕ್ಕಳ ಹಡದೇನಿ. ಆ ಮಕ್ಕಳ ಲಗ್ನದಾಗ ಈ ಕೆಂಚಪ್ಪನ ಅಪ್ಪನ ಬಂದು ಹೋಳಿಗಿ ಉಂಡು ಹೋಗ್ಯಾನ. ಆವಾಗ ಯಾಕ ಕೇಳಲಿಲ್ಲ, 'ನೀ ಯಾರ ಹೇಣ್ತಿ' ಅಂತ?"

ಕೆಂಚಪ್ಪ ತಲೆ ತಗ್ಗಿಸಿದ. ಹಿಂದಿನಿಂದ ಮತ್ತೊಬ್ಬಳು ಎದ್ದಳು, ಆಮೇಲೆ ಇನ್ನೊಬ್ಬಳು. ಬಾಯಲ್ಲಿ ಮಣ್ಣು ಬೀಳಲಿ ಎಂದವಳೂ ಅವರಲ್ಲಿದ್ದಳು. ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರಳುವಾಗ ಬಸ್ಸಿನಲ್ಲಿ ಶಿವವ್ವ ಗೊರಕೆ ಹೊಡೆಯುತ್ತಿದ್ದಳು. ಆಚೆ ಸೀಟಿನಿಂದ ರಾಯಪ್ಪ ಶೇಂಗಾ ಬಿಡಿಸಿ ಕಾಳನ್ನು ಶಿವಗಂಗವ್ವನ ಕಡೆ ಚಾಚುತ್ತಿದ್ದ, ಸಿಪ್ಪೆಯನ್ನು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಕೋಟು ಹೊಲಸಾಗತೈತ್ರಿ."

"ಆಗ್ಲಿ ಬಿಡ್ರಿ."

"ವಕೀಲ್ರು ಎಲ್ಲಾ ಕಕ್ಷಿದಾರರಿಗೂ ಹಿಂಗ ಶೇಂಗಾ ಬಿಡಿಸಿ ಕೊಡತಾರೇನು?"

ರಾಯಪ್ಪ ಮತ್ತೊಂದು ಶೇಂಗಾ ಬಿಡಿಸಿದ. "ತೀರ್ಪು ಬರೂತನಕ ನೀವು ನನ್ನ ಕಕ್ಷಿದಾರರು. ಹೆಚ್ಚಿಗಿ ಮಾತಾಡೂದು ಚೊಲೋ ಅಲ್ರಿ," ಎಂದಷ್ಟೇ ಅಂದ.

ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ತನಗೆ ತಾನು ಸುಳ್ಳು ಹೇಳಿಕೊಳ್ಳುವ ಹೆಣ್ಣಲ್ಲ ಅವಳು. ಆದರೆ ಅವನಿಗೆ ಇನ್ನೂ ಲಗ್ನವಾಗಿರಲಿಲ್ಲ. ಅರಿಷಿಣ ಹಚ್ಚಿಸಿಕೊಂಡು ಹಂದರದಲ್ಲಿ ಕೂಡಬೇಕಾದ ಗಂಡು, ಬಿಟ್ಟು ಬಂದವಳನ್ನು ಯಾಕೆ ಕೇಳುತ್ತಾನೆ?

ತೀರ್ಪು ಅವಳ ಪರವಾಗಿ ಬಂತು. ಸೋಡಪತ್ರ ಖರೆ, ಶಿವಗಂಗವ್ವ ಯಾರ ಹೆಂಡತಿಯೂ ಅಲ್ಲ. ಸುದ್ದಿ ಹೇಳಲು ರಾಯಪ್ಪ ತಾನೇ ಕಲ್ಲೋಳಿಗೆ ಬಂದ. ದುಂಡಪ್ಪ ಅವನ ಕೈ ಹಿಡಿದುಕೊಂಡು ಅತ್ತ. ಶಿವಗಂಗವ್ವ ಬೆಲ್ಲ, ನೀರು ತಂದಿಟ್ಟಳು.

"ಈಗ ನೀವು ನನ್ನ ಕಕ್ಷಿದಾರರಲ್ಲ," ಎಂದ ಅವನು.

"ಅಲ್ರಿ."

"ಹಂಗಾದ್ರ ಒಂದು ಮಾತು ಹೇಳತೇನಿ. ಬರೂ ಸೋಮವಾರ ನನ್ನ ಲಗ್ನ ಐತಿ."

ಅವಳು ನೀರಿನ ತಂಬಿಗೆಯನ್ನು ಅವನ ಕಡೆ ಸರಿಸಿದಳು. ಕೇಳಬಾರದೆಂದುಕೊಂಡೇ ಕೇಳಿದಳು. "ಹುಡುಗಿ ಯಾವೂರಾಕಿ?"

"ನಮ್ಮೂರಾಕಿನ, ತುಕ್ಕಾನಟ್ಟಿಯಾಕಿ. ಹಳ್ಳದ ದಂಡ್ಯಾಗ ಇರತಾಳ. ನನ್ನ ಸೊಂಟಕ್ಕ ಬರೂವಷ್ಟು ಎತ್ತರ. ಮೈಬಣ್ಣ ಹಸರು."

"ಹಸರು?"

"ಮುರದ್ರ ಹಾಲು ಬರತೈತಿ."

ಎಕ್ಕಿ ಗಿಡ! ಮದುವೆಯಾಗದ ಗಂಡು ಉಡಿಕಿಯ ಹೆಣ್ಣನ್ನು ಮಾಡಿಕೊಳ್ಳಬೇಕಾದರೆ ಮೊದಲು ಎಕ್ಕಿ ಗಿಡಕ್ಕೆ ತಾಳಿ ಕಟ್ಟಬೇಕು. ಆಗ ಅವನದೂ ಎರಡನೆಯ ಲಗ್ನವಾಗಿ, ಇಬ್ಬರೂ ಸರಿಸಮ. ಈ ಸೀಮೆಯಲ್ಲಿ ಅದು ಗೊತ್ತಿಲ್ಲದ ಹೆಣ್ಣಿಲ್ಲ. ಶಿವಗಂಗವ್ವನ ಮುಖ ಕಿವಿಯವರೆಗೂ ಕೆಂಪಾಯಿತು.

"ನಿಮ್ಮ ಅವ್ವ ಏನಂದ್ರು?"

"ಗಿಡಾ ಹುಡುಕಿಟ್ಟಾಕಿನ ಆಕಿ. ನಿಮ್ಮನ್ನ ಕಂಡ ದಿನಾನ ನನ್ನ ಮನಸ ಹೋತ್ರಿ. ನಾ ಸೋಲೂದು ಕಡಿಮಿ. ನಿಮ್ಮ ಮುಂದ ಸೋತೇನಿ."

ದುಂಡಪ್ಪ ಇದ್ದಕ್ಕಿದ್ದಂತೆ ಬೆಲ್ಲದ ಪೆಂಟೆ ಎಣಿಸುವ ನೆಪ ಮಾಡಿ ಒಳಗೆ ಹೋದ.

ಶಿವಗಂಗವ್ವ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾ ಸವತಿ ಮ್ಯಾಲ ಬರಾಕಿ ಅಲ್ರಿ. ಒಮ್ಮೆ ಅನುಭವಿಸಿ ಸಾಕಾಗೈತಿ."

"ಸಂಜೀಕ ಕಡದು ಹಾಕತಾರ. ಸೋಮವಾರ ಹೊತ್ತು ಮುಳಗೂದ್ರಾಗ ನಾ ಹೇಣ್ತಿ ಸತ್ತಾಂವ."

"ಅಯ್ಯ ಪಾಪ!" ಎಂದಳು. ನಗು ತಡೆಯಲಾಗಲಿಲ್ಲ, ನಗುತ್ತಲೇ ಕಣ್ಣು ತುಂಬಿ ಬಂತು. "ಭಾಳ ದಿನ ದುಃಖಾ ಮಾಡಕೋತ ಕುಂದ್ರಬ್ಯಾಡ್ರಿ. ಮಂಗಳವಾರ ನಮ್ಮ ಮನೀಗೆ ಬರ್ರಿ, ನಾ ದಾರಿ ಕಾಯತಿರತೇನಿ."